ಟೇಬಲ್ ರೋಸ್ (ಪೋರ್ಚುಲಕ ಗ್ರಾಂಡಿಫ್ಲೋರ)

ಅರ್ಜೆಂಟೀನ, ಉರುಗ್ವೆ ಹಾಗೂ ದಕ್ಷಿಣ ಬ್ರೆಜಿಲ್ ಪ್ರದೇಶಗಳ ಶುಷ್ಕಭೂಮಿಗೆ ಸಹಜವಾದ, ಪೋರ್ಚುಲಕೇಸೀ ಕುಟುಂಬಕ್ಕೆ ಸೇರಿದ ಈ ರಸಭರಿತ ಪುಷ್ಪಸಸ್ಯಕ್ಕೆ ಸಸ್ಯವಿಜ್ಞಾನಿ ವಿಲಿಯಂ ಜಾಕ್ಸನ್ ಹುಕರ್ 1829ರಲ್ಲಿ ಶಾಸ್ತ್ರೀಯವಾಗಿ ನಾಮಕರಣಗೈದನು. ನಮ್ಮ ಅಡುಗೆಗೆ ಒದಗುವ ಗೋಣಿಸೊಪ್ಪು ಇದರ ಸಮೀಪಬಂಧು. ನೆಲವನ್ನಪ್ಪಿ ಹರಡುವ ಇದರ ಎತ್ತರ ಸಾಮಾನ್ಯವಾಗಿ 10ರಿಂದ 20 ಸೆಂಟಿಮೀಟರು. ಅನುಕೂಲ ಕಾಲದಲ್ಲಿ ಸಿ4 ಎಂಬ ಮಾರ್ಗದಿಂದ ದ್ಯುತಿಸಂಶ್ಲೇಷಣೆ ನಡೆಸುವ ಈ ಗಿಡವು, ಬರವು ಬಾಧಿಸಿದಾಗ, ಕಳ್ಳಿಗಳಲ್ಲಿ ಕಾಣುವಂತೆ ಇರುಳಿನಲ್ಲಿ ಆಮ್ಲವನ್ನು ಸಂಚಯಿಸುವ ಕ್ರಮವನ್ನೂ ಅದರೊಡನೆ ಆಶ್ರಯಿಸುವುದು ಸಸ್ಯಲೋಕದಲ್ಲಿ ಅತಿ ವಿರಳವಾದ, ನಿಜಕ್ಕೂ ವಿಸ್ಮಯಕರವಾದ ಸಂಗತಿ. ಕೆಂಪು, ಹಳದಿ, ಕಿತ್ತಳೆ ಮೊದಲಾದ ವರ್ಣಗಳ ಹೂಗಳಿಗೆ ಬಣ್ಣವನ್ನೀಯುವುದು ಬೀಟ್‌ರೂಟಿನಲ್ಲಿರುವ ಬೀಟಲೇನ್ ವರ್ಗದ ದ್ರವ್ಯವೇ. ಬಿಸಿಲೇರಿದಂತೆ ಅರಳಿ ಅಪರಾಹ್ನಕ್ಕೆ ಮುದುಡುವ ಈ ಹೂಗಳು ಮೋಡ ಕವಿದ ದಿನ ಪೂರ್ಣವಾಗಿ ತೆರೆಯವು. ಅವುಗಳ ಕೇಸರಗಳೋ, ಸ್ಪರ್ಶಮಾತ್ರದಿಂದಲೇ ಬಾಗುತ್ತವೆ.

ಕೃಷಿ ಸುಲಭ. ದಿನಕ್ಕೆ ಆರು ಗಂಟೆಗಾದರೂ ನೇರ ಬಿಸಿಲು ಬೀಳುವ, ನೀರು ಬಸಿದುಹೋಗುವ ಮರಳುಮಿಶ್ರಿತ ಮಣ್ಣಿನಲ್ಲಿ ಕಾಂಡದ ತುಂಡುಗಳನ್ನು ಊರಿದರೆ ಶೀಘ್ರದಲ್ಲಿಯೇ ಬೇರೂರುವವು. ಬೀಜಗಳು ಮೊಳೆಯಲು ಬೆಳಕು ಆವಶ್ಯಕವಾದುದರಿಂದ ಅವುಗಳನ್ನು ಹೂಳದೆ ಮಣ್ಣಿನ ಮೇಲೆಯೇ ಚೆಲ್ಲತಕ್ಕದ್ದು. ಮೇಲ್ಮಣ್ಣು ಒಣಗಿದ ಬಳಿಕವೇ ನೀರೆರೆಯಬೇಕು. ಅತಿಯಾದ ಉಪಚಾರದಿಂದ ಬೇರು ಕೊಳೆಯುತ್ತದೆ.