ಅಳತೆಯಿಲ್ಲದ ಅಡುಗೆ ಪುಸ್ತಕಗಳು

ಹಳೆಯ ಕಾಲದ ಅಡುಗೆಯನ್ನು ಒಲೆಯ ಮೇಲೇ ಮಾಡಿ ನೋಡಬೇಕೆಂದರೆ ನಾನು ಮೊದಲು ತೆರೆಯುವುದು ಮೂರನೆಯ ಮಂಗರಸನ 'ಸೂಪಶಾಸ್ತ್ರ'ವನ್ನು. 16ನೇ ಶತಮಾನದ ಆರಂಭದ ಈ ಜೈನ ಕವಿ ಬದನೆ, ಹಲಸುಗಳ ಪಾಕವನ್ನೆಲ್ಲ ಷಟ್ಪದಿಯಲ್ಲಿ ಹೇಳಿದ್ದಾನೆ. ಮಾಂಸವಿಲ್ಲ, ಮೆಣಸಿನಕಾಯಿಯೂ ಇಲ್ಲ. ಅದಿನ್ನೂ ನಮ್ಮ ಅಡುಗೆಮನೆಗೆ ಬಂದಿರಲಿಲ್ಲ. ಖಾರಕ್ಕೆ ಕಾಳುಮೆಣಸು. ಅದನ್ನು ಆಗತಾನೇ ಕುಟ್ಟಿ ಹಾಕಿದರೆ ಬದನೆಯ ರುಚಿ ಎಷ್ಟು ಎದ್ದು ಬರುತ್ತದೆಂಬುದನ್ನು ತಿಂದೇ ತಿಳಿಯಬೇಕು.

ಇನ್ನೂ ಹಿಂದಕ್ಕೆ ಹೋದರೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ', 12ನೇ ಶತಮಾನದ್ದು. ಅದರಲ್ಲಿ ಊಟದ ಬಗೆಗಿನ 'ಅನ್ನಭೋಗ' ಎಂಬ ಭಾಗದಲ್ಲಿ ಬರುವ, ಇಡ್ಲಿಯನ್ನು ನೆನಪಿಸುವ 'ಇಡ್ಡರಿಕಾ' ಎಂಬ ತಿಂಡಿಗೆ ಉದ್ದೇ ಆಧಾರ, ಅಕ್ಕಿಯಿಲ್ಲ. ಮೆಣಸು, ಜೀರಿಗೆ, ಇಂಗು ಬೀಳುತ್ತವೆ. ಅರಮನೆಯ ಅಡುಗೆಯಾದ್ದರಿಂದ ಮಾಂಸದ ಬಗೆಗಳೂ ಧಾರಾಳ.

ತೊಡಕೆಂದರೆ ಅಳತೆ. ಎಷ್ಟು ಉಪ್ಪು, ಎಷ್ಟು ಹೊತ್ತು ಬೇಯಬೇಕು ಎಂಬುದನ್ನು ಇವು ಬಹುಮಟ್ಟಿಗೆ ಅಡುಗೆಯವರ ಕೈಗೇ ಬಿಟ್ಟಿವೆ. ಪದ್ಯದ ಅರ್ಥ ಬಿಡಿಸಬಲ್ಲ ವಿದ್ವಾಂಸರು, ಒಲೆ ಬಲ್ಲ ಹಿರಿಯರು ಒಟ್ಟಿಗೆ ಕೂತರೆ ಮಾತ್ರ ಇವು ಬಳಕೆಗೆ ಬಂದಾವು. ನಿಮ್ಮ ಮನೆಯಲ್ಲಿ ಅಂಥ ಅಜ್ಜಿಯಿದ್ದರೆ ಒಂದು ಪದ್ಯ ಓದಿ ಹೇಳಿ. ಅವರು ಹೇಳುವ ಅಳತೆಯನ್ನು ಬರೆದಿಟ್ಟುಕೊಳ್ಳಿ.