ಕಥೆ ಬರೆದವರಿಗೆ ಕುರ್ಚಿ ಎಲ್ಲಿ?

ಅಂಬೆಗಾಲಿಡುವ ಮಗುವಿನ ಮುಂದೆ ಅಪ್ಪ ಎರಡು ವಸ್ತು ಇಡುತ್ತಾನೆ. ಒಂದು ಬಣ್ಣದ ಚೆಂಡು, ಇನ್ನೊಂದು ನೆಲಕ್ಕೆ ನಾಟಿದ ಕತ್ತಿ. ಚೆಂಡು ಮುಟ್ಟಿದರೆ ಸತ್ತುಹೋದ ತಾಯಿಯ ಬಳಿಗೆ ಕಳಿಸುತ್ತೇನೆ, ಕತ್ತಿ ಮುಟ್ಟಿದರೆ ನನ್ನ ಜೊತೆ ಸೇಡಿನ ದಾರಿ ಹಿಡಿ ಎನ್ನುತ್ತಾನೆ. ಮಗುವಿಗೆ ಮಾತು ಅರ್ಥವಾಗುವ ವಯಸ್ಸಲ್ಲ. ಅದು ತೆವಳಿಕೊಂಡು ಕೊನೆಗೆ ಕತ್ತಿಯನ್ನೇ ಮುಟ್ಟುತ್ತದೆ.

1972ರ ಜನವರಿಯಲ್ಲಿ ಜಪಾನಿನ ಚಿತ್ರಮಂದಿರಗಳಿಗೆ ಬಂದ 'ಕೊಜುರೆ ಓಕಾಮಿ' ಸರಣಿಯ ಮೊದಲ ಚಿತ್ರದ ದೃಶ್ಯವಿದು. ಇಂಗ್ಲಿಷ್ ಓದುಗರು ಇದನ್ನು 'ಲೋನ್ ವುಲ್ಫ್ ಅಂಡ್ ಕಬ್' ಎಂದು ಬಲ್ಲರು. ಆದರೆ ಈ ಅಪ್ಪ-ಮಗ ಹುಟ್ಟಿದ್ದು ತೆರೆಯ ಮೇಲಲ್ಲ, ಅಗ್ಗದ ಕಾಗದದ ಮೇಲೆ. 1970ರಿಂದ 'ಮಂಗಾ ಆಕ್ಷನ್' ಎಂಬ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರುತ್ತಿದ್ದ ಚಿತ್ರಕಥೆ ಅದು. ಕಥೆ ಕಜುಒ ಕೊಯಿಕೆಯವರದು, ಚಿತ್ರಗಳು ಗೊಸೆಕಿ ಕೊಜಿಮ ಅವರವು. ಸಿನಿಮಾದ ಚಿತ್ರಕಥೆಯನ್ನೂ ಕೊಯಿಕೆಯೇ ಬರೆದರು. ಈ ಕೊನೆಯ ಸಂಗತಿಯನ್ನು ನೆನಪಿಟ್ಟುಕೊಳ್ಳಿ. ಮಂಗಾ ಸಿನಿಮಾಗಳ ಚರಿತ್ರೆಯನ್ನು ಹೀರೋಗಳ ಹೆಸರಿನಲ್ಲಿ ಹೇಳಬಹುದು, ಗಲ್ಲಾಪೆಟ್ಟಿಗೆಯ ಲೆಕ್ಕದಲ್ಲೂ ಹೇಳಬಹುದು. ನಾನು ಇಲ್ಲಿ ಕೇಳಹೊರಟಿರುವುದು ಬೇರೆಯೇ ಪ್ರಶ್ನೆ: ಕಾಗದದಿಂದ ತೆರೆಗೆ ಕಥೆ ಹೋಗುವಾಗ ಅದನ್ನು ಹುಟ್ಟಿಸಿದವರು ಎಲ್ಲಿ ಕೂತಿದ್ದರು?

ಮೊದಲು, ಸಿನಿಮಾದವರಿಗೆ ಮಂಗಾ ಯಾಕೆ ಬೇಕಾಯಿತು ಎಂದು ನೋಡೋಣ. 1958ರಲ್ಲಿ ಜಪಾನಿನಲ್ಲಿ ಮಾರಾಟವಾದ ಸಿನಿಮಾ ಟಿಕೆಟ್‌ಗಳು ಸುಮಾರು 112 ಕೋಟಿ. ಆಗ ಆ ದೇಶದ ಜನಸಂಖ್ಯೆ 9 ಕೋಟಿಯ ಆಸುಪಾಸು. ಎಂದರೆ ಹಸುಗೂಸಿನಿಂದ ಮುದುಕರವರೆಗೆ ತಲೆಗೆ ವರ್ಷಕ್ಕೆ ಹನ್ನೆರಡು ಸಿನಿಮಾ. ಮರುವರ್ಷ ಯುವರಾಜನ ಮದುವೆ, 1964ರಲ್ಲಿ ಟೋಕಿಯೊ ಒಲಿಂಪಿಕ್ಸ್. ಎರಡೂ ಸಂದರ್ಭದಲ್ಲಿ ಮನೆಮನೆಗೆ ಟಿವಿ ಬಂತು. 1972ರ ಹೊತ್ತಿಗೆ ಟಿಕೆಟ್ ಸಂಖ್ಯೆ 20 ಕೋಟಿಯ ಕೆಳಗೆ ಕುಸಿದಿತ್ತು. ಕುರೊಸಾವಾ ಅವರ 'ರಾಶೋಮೊನ್' ನಿರ್ಮಿಸಿದ ದಾಯೇ ಸಂಸ್ಥೆಯೇ 1971ರ ಕೊನೆಯಲ್ಲಿ ದಿವಾಳಿಯೆದ್ದಿತು.

ಆ ಕುಸಿತದ ನಡುವೆ ಓದುಗರು ಆಗಲೇ ಮೆಚ್ಚಿ ಕಾಯುತ್ತಿದ್ದ ಕಥೆಗಳು ಸಿಗುತ್ತಿದ್ದುದು ಮಂಗಾ ವಾರಪತ್ರಿಕೆಗಳಲ್ಲಿ. ಕುರುಡ ಕತ್ತಿವರಸೆಗಾರ ಜತೋಯಿಚಿಯ ಪಾತ್ರದಿಂದ ಮನೆಮಾತಾಗಿದ್ದ ಶಿಂತಾರೊ ಕತ್ಸು ತಮ್ಮ ಸ್ವಂತ ಕಂಪನಿಯಿಂದ ಕೊಯಿಕೆಯವರ ಕಥೆಯನ್ನು ನಿರ್ಮಿಸಿದರು. ನಾಯಕನಾಗಿ ನಿಂತದ್ದು ಅವರ ಅಣ್ಣ ತೊಮಿಸಬುರೊ ವಕಯಾಮ. ನಿರ್ದೇಶನಕ್ಕೆ ದಾಯೇಯಲ್ಲಿ ಪಳಗಿದ ಕೆಂಜಿ ಮಿಸುಮಿ ಬಂದರು. 1972 ಒಂದೇ ವರ್ಷದಲ್ಲಿ ನಾಲ್ಕು ಚಿತ್ರ ತೆರೆಕಂಡವು, 1974ರ ಹೊತ್ತಿಗೆ ಒಟ್ಟು ಆರು.

ಕೊಜಿಮ ಅವರ ಪುಟಗಳಲ್ಲಿ ಮಾತಿಲ್ಲದ ಚೌಕಗಳು ಬಹಳ. ಹುಲ್ಲು ಅಲುಗುತ್ತದೆ, ಹೊಳೆ ಹರಿಯುತ್ತದೆ, ಆಮೇಲೆ ಒಂದೇ ಏಟು. ಮಿಸುಮಿ ಆ ಮೌನವನ್ನು ಹಾಗೇ ಉಳಿಸಿಕೊಂಡರು. ಕಥೆಗಾರ ಪಕ್ಕದಲ್ಲೇ ಇದ್ದ ಕಾಲವದು. ಆದರೂ ಒಂದು ಪೇಚು ಉಳಿಯಿತು. ಮಂಗಾ 28 ಸಂಪುಟಗಳಾಗಿ ಬೆಳೆದು ಮುಗಿದದ್ದು 1976ರಲ್ಲಿ. ಸಿನಿಮಾ ಸರಣಿ ಅದಕ್ಕೆ ಎರಡು ವರ್ಷ ಮೊದಲೇ ನಿಂತುಹೋಗಿತ್ತು. ಆ ಸರಣಿಯಲ್ಲಿ ಸೇಡು ತೀರುವುದೇ ಇಲ್ಲ, ಶತ್ರು ತಪ್ಪಿಸಿಕೊಂಡೇ ಹೋಗುತ್ತಾನೆ.

1980ರಲ್ಲಿ ಅಮೆರಿಕದಲ್ಲಿ ಮೊದಲ ಎರಡು ಚಿತ್ರಗಳನ್ನು ಕತ್ತರಿಸಿ ಜೋಡಿಸಿ, ಇಂಗ್ಲಿಷ್ ದನಿ ಕೊಟ್ಟು 'ಶೋಗನ್ ಅಸಾಸಿನ್' ಎಂಬ ಒಂದೇ ಸಿನಿಮಾ ಮಾಡಿದರು. ಮೂಲದಲ್ಲಿ ಹೆಚ್ಚೂಕಡಿಮೆ ಮಾತೇ ಆಡದ ಮಗು ಇಲ್ಲಿ ಇಡೀ ಕಥೆ ಹೇಳುತ್ತದೆ. ಮೂಲದಲ್ಲಿ ಹಗೆ ಸಾಧಿಸುವುದು ಯಾಗ್ಯು ಮನೆತನ, ಇಲ್ಲಿ ಖಳನಾಯಕ ಸ್ವತಃ ಶೋಗನ್. ಸಿನಿಮಾ ಸೊಗಸಾಗಿಯೇ ಇದೆ, ಅಭಿಮಾನಿಗಳೂ ಬಹಳ. ಆದರೆ ಅದು ಬೇರೆಯವರ ಕಥೆಯಾಗಿತ್ತು.

ಕಥೆ ಗಡಿ ದಾಟುತ್ತಾ ಹೋದಂತೆ ಅದರ ಒಡೆಯರು ಹೇಗೆ ಮಸುಕಾಗುತ್ತಾರೆ ಎನ್ನುವುದಕ್ಕೆ ನಮಗೆ ಹತ್ತಿರದ ಉದಾಹರಣೆ ಮುಂಬೈನದು. ಗರೊನ್ ತ್ಸುಚಿಯ ಬರೆದು ನೊಬುಆಕಿ ಮಿನೆಗಿಶಿ ಚಿತ್ರಿಸಿದ 'ಓಲ್ಡ್ ಬಾಯ್' ಮಂಗಾ ಬಂದದ್ದು 1996ರಿಂದ 1998ರವರೆಗೆ. ಕಾರಣವೇ ತಿಳಿಯದೆ 10 ವರ್ಷ ಖಾಸಗಿ ಸೆರೆಯಲ್ಲಿದ್ದವನ ಕಥೆ. 2003ರಲ್ಲಿ ಕೊರಿಯಾದ ಪಾರ್ಕ್ ಚಾನ್-ವೂಕ್ ಅದನ್ನು ಸಿನಿಮಾ ಮಾಡಿದರು, ಸೆರೆ 15 ವರ್ಷವಾಯಿತು. ಮರುವರ್ಷ ಕಾನ್ ಉತ್ಸವದಲ್ಲಿ ಗ್ರ್ಯಾಂಡ್ ಪ್ರಿ ಪ್ರಶಸ್ತಿ ಬಂತು. 2006ರಲ್ಲಿ ಸಂಜಯ್ ದತ್, ಜಾನ್ ಅಬ್ರಹಾಂ ನಟಿಸಿದ ಹಿಂದಿಯ 'ಜಿಂದಾ' ಬಂತು, ಸೆರೆ 14 ವರ್ಷ. ವನವಾಸ ಬಲ್ಲ ನಮಗೆ ಆ ಸಂಖ್ಯೆ ಎಲ್ಲಿಂದ ಬಂತೆಂದು ಯಾರೂ ಹೇಳಬೇಕಿಲ್ಲ. ಇದು ಹಕ್ಕು ಪಡೆಯದ ರೀಮೇಕ್ ಎಂಬ ತಕರಾರು ಆಗಲೇ ಎದ್ದಿತ್ತು. ಥಿಯೇಟರಿನಲ್ಲಿ ಕೂತ ಪ್ರೇಕ್ಷಕರಲ್ಲಿ ಕೊರಿಯಾದ ಸಿನಿಮಾ ಬಲ್ಲವರು ಕೆಲವರಿದ್ದಿರಬಹುದು. ತ್ಸುಚಿಯ, ಮಿನೆಗಿಶಿ ಎಂಬ ಹೆಸರು ಎಷ್ಟು ಜನರ ಕಿವಿಗೆ ಬಿದ್ದಿತ್ತು?

ಪರದೇಶದ ಮಾತು ಬಿಡಿ, ಜಪಾನಿನ ಒಳಗೇ ಕಥೆಗಾರರ ಕುರ್ಚಿ ಹಿಂದೆ ಹಿಂದೆ ಸರಿಯುತ್ತಿತ್ತು. 1990ರ ದಶಕದಿಂದ ಅಲ್ಲಿ 'ನಿರ್ಮಾಣ ಸಮಿತಿ' ಎಂಬ ಪದ್ಧತಿ ಬಲವಾಯಿತು. ಟಿವಿ ವಾಹಿನಿ, ವಿತರಕರು, ಜಾಹೀರಾತು ಏಜೆನ್ಸಿ, ಪುಸ್ತಕ ಪ್ರಕಾಶಕರು ಎಲ್ಲರೂ ಸೇರಿ ಬಂಡವಾಳ ಹಾಕುತ್ತಾರೆ. ಸಿನಿಮಾ ಸೋತರೆ ಯಾರೊಬ್ಬರ ತಲೆಯ ಮೇಲೂ ಚಪ್ಪಡಿ ಬೀಳುವುದಿಲ್ಲ. ಗೆದ್ದರೆ ಲಾಭ ಹಾಕಿದವರಿಗೆ ಪಾಲಾಗುತ್ತದೆ. ಬಂಡವಾಳ ಹಾಕದ ಲೇಖಕರು ಸಾಮಾನ್ಯವಾಗಿ ಈ ಸಮಿತಿಯಲ್ಲಿ ಇರುವುದಿಲ್ಲ. ಅವರ ಪರವಾಗಿ ಮಾತಾಡಬೇಕಾದ ಪ್ರಕಾಶಕರು ಎಷ್ಟೋ ಸಲ ತಾವೇ ಪಾಲುದಾರರು.

ಇದರ ಫಲ 2012ರ 'ಥರ್ಮೆ ರೊಮೆ' ಚಿತ್ರದಲ್ಲಿ ಕಾಣಿಸಿತು. ಪ್ರಾಚೀನ ರೋಮಿನ ಸ್ನಾನಗೃಹಗಳ ವಾಸ್ತುಶಿಲ್ಪಿ ಇಂದಿನ ಜಪಾನಿನ ಸ್ನಾನಗೃಹದಲ್ಲಿ ತೇಲಿ ಬರುವ ತಮಾಷೆಯ ಕಥೆ, ಮಾರಿ ಯಮಜಾಕಿಯವರದು. ಚಿತ್ರದ ಗಳಿಕೆ 598 ಕೋಟಿ ಯೆನ್. ಕಥೆಯ ಬಳಕೆಗೆ ತಮಗೆ ಸಿಕ್ಕಿದ್ದು ಸುಮಾರು 10 ಲಕ್ಷ ಯೆನ್ ಎಂದು ಅವರು ಮರುವರ್ಷ ಟಿವಿಯಲ್ಲಿ ಹೇಳಿದರು. ಗಳಿಕೆಯಲ್ಲಿ ಚಿತ್ರಮಂದಿರದವರ ಪಾಲು ದೊಡ್ಡದು, ನಿರ್ಮಾಣದ ಖರ್ಚೂ ಇದೆ, ನಿಜ. ಅದನ್ನೆಲ್ಲ ಕಳೆದರೂ ಈ ಎರಡು ಸಂಖ್ಯೆಗಳು ಪಕ್ಕಪಕ್ಕ ಕೂತಾಗ ಮುಜುಗರವಾಗುತ್ತದೆ.

ಹಣಕ್ಕಿಂತ ಆಳದ ಪ್ರಶ್ನೆ ಇನ್ನೊಂದಿದೆ. ಜಪಾನಿನ ಹಕ್ಕುಸ್ವಾಮ್ಯ ಕಾಯ್ದೆಯ 20ನೇ ಕಲಮಿನ ಪ್ರಕಾರ ಕರ್ತೃವಿನ ಇಚ್ಛೆಗೆ ವಿರುದ್ಧವಾಗಿ ಕೃತಿಯನ್ನು ಬದಲಿಸುವಂತಿಲ್ಲ. ಈ ಹಕ್ಕನ್ನು ಬೇರೆಯವರಿಗೆ ಮಾರಲೂ ಬರುವುದಿಲ್ಲ. ನಮ್ಮ 1957ರ ಕಾಯ್ದೆಯ 57ನೇ ಕಲಮೂ ಕರ್ತೃವಿನ ಹೆಸರಿಗೆ, ಮರ್ಯಾದೆಗೆ ಇಂಥದೇ ರಕ್ಷಣೆ ಕೊಡುತ್ತದೆ. ಕಾಗದದ ಮೇಲೆ ಎಲ್ಲ ಸರಿಯಿದೆ. ಆದರೆ ಶೂಟಿಂಗ್ ದಿನಾಂಕ ಗೊತ್ತಾಗಿ, ನಟರ ಕಾಲ್‌ಶೀಟ್ ಸಿಕ್ಕಿ, ಪ್ರಸಾರದ ದಿನ ಹತ್ತಿರ ಬಂದ ಮೇಲೆ 'ಇದು ನನ್ನ ಕಥೆಯಲ್ಲ' ಎಂದು ಹೇಳುವ ಧೈರ್ಯ ಯಾರಿಗಿರುತ್ತದೆ?

ಹಿನಾಕೊ ಅಶಿಹರ ಹೇಳಿದರು. ಆಫೀಸಿನಲ್ಲಿ ತಲೆತಗ್ಗಿಸಿ ಕೆಲಸ ಮಾಡುವ, ಸಂಜೆ ಬೆಲ್ಲಿ ಡ್ಯಾನ್ಸ್ ಕುಣಿಯುವ ನಡುವಯಸ್ಸಿನ ಹೆಣ್ಣಿನ ಕಥೆ ಅವರ 'ಸೆಕ್ಸಿ ತನಕ-ಸಾನ್'. 2023ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಅದು 10 ಕಂತುಗಳ ಟಿವಿ ಧಾರಾವಾಹಿಯಾಗಿ ಬಂತು. ಮಂಗಾ ಇನ್ನೂ ಮುಗಿದಿರಲಿಲ್ಲ. ಹಾಗಾಗಿ ಮೂಲಕ್ಕೆ ನಿಷ್ಠವಾಗಿರಬೇಕು ಎಂಬುದು ಅವರ ಷರತ್ತು. ಬಂದ ಸ್ಕ್ರಿಪ್ಟುಗಳನ್ನು ಮತ್ತೆ ಮತ್ತೆ ತಿದ್ದಿ, ಕೊನೆಯ ಎರಡು ಕಂತುಗಳನ್ನು ತಾವೇ ಬರೆದರು. 2024ರ ಜನವರಿಯಲ್ಲಿ ನಡೆದದ್ದನ್ನು ಅಂತರ್ಜಾಲದಲ್ಲಿ ವಿವರಿಸಿದರು. ವಾದವಿವಾದ ಕಾಡ್ಗಿಚ್ಚಾಯಿತು. ಅವರು ಬರೆದದ್ದನ್ನು ಅಳಿಸಿ ಕ್ಷಮೆ ಕೇಳಿದರು. ಜನವರಿ 29ರಂದು ಅವರ ಸಾವಿನ ಸುದ್ದಿ ಬಂತು. ಆಮೇಲೆ ವಾಹಿನಿಯೂ ಪ್ರಕಾಶನ ಸಂಸ್ಥೆಯೂ ತನಿಖಾ ವರದಿ ಪ್ರಕಟಿಸಿದವು. ಒಂದು ಸಾವಿಗೆ ಇಂಥದೇ ಕಾರಣ ಎಂದು ದೂರದಲ್ಲಿ ಕೂತು ಬೆರಳು ತೋರುವುದು ತರವಲ್ಲ. ಕಥೆ ಬರೆದವರಿಗೂ ಸ್ಕ್ರಿಪ್ಟ್ ಬರೆದವರಿಗೂ ನಡುವೆ ನೇರ ಮಾತುಕತೆಯೇ ಇರಲಿಲ್ಲ, ಎಲ್ಲವೂ ಮಧ್ಯವರ್ತಿಗಳ ಮೂಲಕ ಹೋಗಿಬರುತ್ತಿತ್ತು ಎನ್ನುವುದನ್ನಂತೂ ಮರೆಯಬಾರದು.

ಅದೇ 2023ರ ಆಗಸ್ಟ್ 31ರಂದು ನೆಟ್‌ಫ್ಲಿಕ್ಸ್‌ನಲ್ಲಿ 'ಒನ್ ಪೀಸ್' ಬಂದಿತ್ತು. ಅದರ ಕರ್ತೃ ಐಇಚಿರೊ ಓದ ಕಾರ್ಯಕಾರಿ ನಿರ್ಮಾಪಕರಲ್ಲಿ ಒಬ್ಬರು. ತಮಗೆ ತೃಪ್ತಿಯಾಗುವವರೆಗೆ ಬಿಡುಗಡೆಯಿಲ್ಲ ಎಂಬ ಒಪ್ಪಿಗೆ ಇದೆಯೆಂದು ಓದುಗರಿಗೆ ಬಹಿರಂಗ ಪತ್ರ ಬರೆದಿದ್ದರು. ಸರಣಿ ಗೆದ್ದಿತು. ಮಂಗಾವನ್ನು ಮನುಷ್ಯರಿಂದ ಆಡಿಸಿದರೆ ಕೆಡುತ್ತದೆ ಎಂಬ ಹಳೆಯ ಮಾತಿಗೆ ಅಷ್ಟರಮಟ್ಟಿಗೆ ಉತ್ತರ ಸಿಕ್ಕಿತು.

ಒಂದೇ ವರ್ಷ, ಇಬ್ಬರು ಕರ್ತೃಗಳು. ಓದ ಅವರ ಪುಸ್ತಕಗಳು ಜಗತ್ತಿನಾದ್ಯಂತ 50 ಕೋಟಿ ಪ್ರತಿ ದಾಟಿದ್ದವು, ಆದ್ದರಿಂದ ಅವರ 'ಬೇಡ'ಕ್ಕೆ ಬೆಲೆಯಿತ್ತು. ಕಾನೂನು ಅಶಿಹರ ಅವರಿಗೂ ಅದೇ 'ಬೇಡ'ವನ್ನು ಕೊಟ್ಟಿತ್ತು. ಹಕ್ಕು ಎನ್ನುವುದು ಮಾರಾಟವಾದ ಪ್ರತಿಗಳ ಲೆಕ್ಕದ ಮೇಲೆ ನಿಂತರೆ ಅದಕ್ಕೆ ಹಕ್ಕು ಎಂಬ ಹೆಸರು ಯಾಕೆ?

ಜಪಾನಿನ ಸಿನಿಮಾಗಳ ಹೆಸರಪಟ್ಟಿಯಲ್ಲಿ 'ಗೆನ್ಸಕು' ಎಂದು ಎರಡು ಅಕ್ಷರ ಬರುತ್ತವೆ, 'ಮೂಲಕೃತಿ' ಎಂದರ್ಥ. ಪಕ್ಕದಲ್ಲಿ ಒಂದೋ ಎರಡೋ ಹೆಸರು, ಕೆಲವೇ ಕ್ಷಣ. ಮುಂದಿನ ಸಲ ಮಂಗಾ ಆಧಾರಿತ ಚಿತ್ರ ನೋಡಲು ಕೂತಾಗ ಆ ಭಾಗವನ್ನು ಓಡಿಸಿ ಮುಂದೆ ಹೋಗಬೇಡಿ. ಕತ್ತಿ ಮತ್ತು ಚೆಂಡನ್ನು ಮೊದಲು ಮಗುವಿನ ಮುಂದೆ ಇಟ್ಟವರು ಅವರು.