ನೀರಿನ ಲೆಕ್ಕ ಸಿಕ್ಕಿತು, ಮಣ್ಣಿನದು ಬಾಕಿ

ತುಂಗಭದ್ರಾ ಜಲಾಶಯದಲ್ಲಿ 1953ರಲ್ಲಿ ಮೊದಲು ನೀರು ನಿಂತಾಗ ಅದರ ಸಾಮರ್ಥ್ಯ ಸುಮಾರು 133 ಟಿಎಂಸಿ ಅಡಿ. 2008ರ ಸರ್ವೆ 100.855 ಟಿಎಂಸಿ ಉಳಿದಿದೆ ಎಂದಿತು. 2016ರ ಸರ್ವೆ 105.788 ಎಂದಿತು. ಎಂಟು ವರ್ಷಗಳಲ್ಲಿ ಐದು ಟಿಎಂಸಿಯಷ್ಟು ಹೂಳು ತಾನಾಗಿ ಕರಗುವುದಿಲ್ಲ. ವ್ಯತ್ಯಾಸ ಅಳತೆಯಲ್ಲೇ ಇರಬೇಕು. ಮೂರು ರಾಜ್ಯಗಳು ನೀರು ಹಂಚಿಕೊಳ್ಳುವ ಜಲಾಶಯದ ಸ್ಥಿತಿಯೇ ಹೀಗಾದರೆ, ಆ ಹೂಳನ್ನು ಕಳಿಸಿದ ಹೊಲಗಳಿಂದ ವರ್ಷಕ್ಕೆ ಎಷ್ಟು ಮಣ್ಣು ಹೋಯಿತೆಂದು ಹೇಳುವುದು ಇನ್ನೂ ಕಷ್ಟ.

ಮಳೆ ಬಿದ್ದರೆ ಹೊಳೆಗೆ ಎಷ್ಟು ನೀರು ಬರುತ್ತದೆ, ಆ ನೀರಿನ ಜೊತೆ ಎಷ್ಟು ಮಣ್ಣು ಬರುತ್ತದೆ ಎಂಬ ಎರಡು ಪ್ರಶ್ನೆಗಳನ್ನೂ ವಿಜ್ಞಾನ ಕೈಗೆತ್ತಿಕೊಂಡಿತು. ಉಪಗ್ರಹಗಳು ಬಂದವು, ಯಂತ್ರಕಲಿಕೆ ಬಂತು. ಮೊದಲ ಪ್ರಶ್ನೆ ಬಹಳ ದೂರ ಸಾಗಿದೆ, ಎರಡನೆಯದು ಹಿಂದೆ ಉಳಿದಿದೆ. ಎರಡಕ್ಕೂ ಸಿಕ್ಕ ಉಪಕರಣಗಳು ಒಂದೇ ಆಗಿದ್ದರೂ ಹೀಗೇಕಾಯಿತು ಎಂಬುದೇ ಈ ಕ್ಷೇತ್ರದ ಚರಿತ್ರೆಯ ಮುಖ್ಯ ಪಾಠ.

ಹೊಲದ ತುದಿಯ ತೊಟ್ಟಿ

ನೀರಿನ ಲೆಕ್ಕ ಹಳೆಯದು. ಮಳೆಯ ತೀವ್ರತೆಯಿಂದ ಗರಿಷ್ಠ ಹರಿವನ್ನು ಅಂದಾಜು ಮಾಡುವ ಸರಳ ಸೂತ್ರವನ್ನು ಐರ್ಲೆಂಡಿನ ಎಂಜಿನಿಯರ್ ಮಲ್ವೇನಿ 1851ರಲ್ಲೇ ಕೊಟ್ಟರು. ಮೋರಿ, ಚರಂಡಿ ಕಟ್ಟುವವರು ಇಂದಿಗೂ ಅದನ್ನು ಬಿಟ್ಟಿಲ್ಲ.

ಮಣ್ಣಿನ ಲೆಕ್ಕಕ್ಕೆ ಗಟ್ಟಿ ಅಡಿಪಾಯ ಬಿದ್ದದ್ದು ಅಮೆರಿಕದಲ್ಲಿ, 1930ರ ದಶಕದ ಧೂಳು ಬಿರುಗಾಳಿಗಳ ನಂತರ. ಪ್ರಯೋಗದ ಮಾನದಂಡದ ತಾಕು ಹೀಗಿರುತ್ತಿತ್ತು: ಸುಮಾರು 22 ಮೀಟರ್ ಉದ್ದ, ಶೇ 9ರ ಇಳಿಜಾರು, ಮೇಲಿಂದ ಕೆಳಕ್ಕೆ ಉತ್ತು ಬೆಳೆಯಿಲ್ಲದೆ ಬಿಟ್ಟ ನೆಲ, ಕೆಳತುದಿಯಲ್ಲೊಂದು ತೊಟ್ಟಿ. ಮಳೆ ನಿಂತ ಮೇಲೆ ತೊಟ್ಟಿಯ ನೀರನ್ನು ಚೆನ್ನಾಗಿ ಕದಡಿ, ಮಾದರಿ ತೆಗೆದು, ಒಣಗಿಸಿ ತೂಗಬೇಕು. ಮುಂದಿನ ಮಳೆಗೆ ಮತ್ತೆ ಅದೇ ಕೆಲಸ. ಇಂಥ 49 ಸ್ಥಳಗಳ, ಹತ್ತು ಸಾವಿರಕ್ಕೂ ಹೆಚ್ಚು ತಾಕು-ವರ್ಷಗಳ ದಾಖಲೆಯನ್ನು ಕಲೆಹಾಕಿ ವಿಶ್ಮಾಯರ್ ಮತ್ತು ಸ್ಮಿತ್ ರೂಪಿಸಿದ್ದೇ 1965ರ ‘ಸಾರ್ವತ್ರಿಕ ಮಣ್ಣು ನಷ್ಟ ಸಮೀಕರಣ’. ಮಳೆಯ ಹೊಡೆತ, ಮಣ್ಣಿನ ಗುಣ, ಇಳಿಜಾರು, ಬೆಳೆಯ ಹೊದಿಕೆ, ಬದುವಿನಂಥ ಸಂರಕ್ಷಣಾ ಕ್ರಮ, ಇಷ್ಟನ್ನೂ ಗುಣಿಸಿದರೆ ಎಕರೆಗೆ ವರ್ಷಕ್ಕೆ ಎಷ್ಟು ಟನ್ ಮಣ್ಣು ಹೋಗುತ್ತದೆಂಬ ಉತ್ತರ ಸಿಗುತ್ತಿತ್ತು.

ನಮ್ಮಲ್ಲಿ ಬಳ್ಳಾರಿಯ ಮಣ್ಣು ಸಂರಕ್ಷಣಾ ಸಂಶೋಧನಾ ಕೇಂದ್ರ 1954ರಿಂದ ಎರೆಭೂಮಿಯ ಸವಕಳಿಯನ್ನು ಅಭ್ಯಾಸ ಮಾಡುತ್ತ ಬಂದಿದೆ. ದೇಶದಲ್ಲಿ ಲಭ್ಯವಿದ್ದ ಮಾಹಿತಿಯನ್ನೆಲ್ಲ ಸೇರಿಸಿ ಧ್ರುವನಾರಾಯಣ ಮತ್ತು ರಾಮ್ ಬಾಬು 1983ರಲ್ಲಿ ಕೊಟ್ಟ ಅಂದಾಜಿನಂತೆ ಭಾರತದಲ್ಲಿ ವರ್ಷಕ್ಕೆ 533.4 ಕೋಟಿ ಟನ್, ಅಂದರೆ ಹೆಕ್ಟೇರಿಗೆ 16.4 ಟನ್ ಮಣ್ಣು ಕೊಚ್ಚಿಹೋಗುತ್ತದೆ. ಅದರಲ್ಲಿ ಶೇ 29 ಸಮುದ್ರದ ಪಾಲು, ಶೇ 10 ಜಲಾಶಯಗಳ ಪಾಲು. ನಲವತ್ತು ವರ್ಷ ಕಳೆದರೂ ಸರ್ಕಾರಿ ವರದಿಗಳು, ಭಾಷಣಗಳು ಇದೇ ಅಂಕಿಯನ್ನು ಉಲ್ಲೇಖಿಸುತ್ತಿವೆ.

ಮೇಲಿನಿಂದ ನೋಟ

1972ರ ಜುಲೈನಲ್ಲಿ ಮೊದಲ ಲ್ಯಾಂಡ್‌ಸ್ಯಾಟ್ ಉಪಗ್ರಹ ಹಾರಿತು. ಅದರ ಚಿತ್ರದ ಒಂದೊಂದು ಚುಕ್ಕೆಯೂ ನೆಲದ ಮೇಲಿನ 80 ಮೀಟರ್ ಚೌಕ. 1988ರಲ್ಲಿ ಭಾರತದ ಐಆರ್‌ಎಸ್-1ಎ ಕಕ್ಷೆ ಸೇರಿತು. 2000ದ ಫೆಬ್ರುವರಿಯಲ್ಲಿ ‘ಎಂಡೆವರ್’ ನೌಕೆ ಹನ್ನೊಂದು ದಿನಗಳ ಯಾನದಲ್ಲಿ ಭೂಭಾಗದ ಶೇ 80ರಷ್ಟು ಪ್ರದೇಶದ ಏರುತಗ್ಗುಗಳನ್ನು ರೇಡಾರಿನಿಂದ ಅಳೆಯಿತು. ಇಳಿಜಾರು ಈ ರೇಡಾರ್ ನಕ್ಷೆಯಿಂದ, ಬೆಳೆಯ ಹೊದಿಕೆ ಉಪಗ್ರಹ ಚಿತ್ರದ ಹಸಿರಿನಿಂದ ಸಿಗತೊಡಗಿದ ಮೇಲೆ ಹಳೆಯ ಸಮೀಕರಣವನ್ನು ಚುಕ್ಕೆ ಚುಕ್ಕೆಗೂ ಅನ್ವಯಿಸುವುದು ಸಾಧ್ಯವಾಯಿತು. ಇಡೀ ಜಿಲ್ಲೆಯ, ಇಡೀ ದೇಶದ ಸವಕಳಿ ನಕ್ಷೆಗಳು ಬಂದವು. 2017ರಲ್ಲಿ ಬೊರೆಲ್ಲಿ ಮತ್ತು ಸಂಗಡಿಗರು ಇಡೀ ಭೂಮಿಗೇ ಲೆಕ್ಕ ಹಾಕಿದರು: 2012ರಲ್ಲಿ ಸುಮಾರು 3,590 ಕೋಟಿ ಟನ್.

ನಕ್ಷೆ ಎಷ್ಟು ನುಣುಪಾದರೂ ಸೂತ್ರ ಮಾತ್ರ ಆ 22 ಮೀಟರ್ ತಾಕಿನದೇ. ಅದು ಕೊರಕಲನ್ನೂ ಗುಡ್ಡ ಕುಸಿತವನ್ನೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪಶ್ಚಿಮ ಘಟ್ಟದ ಕಡಿದಾದ ಇಳಿಜಾರಿಗೆ ಅದನ್ನು ಹೊಂದಿಸಿದಾಗ ಬರುವ ಅಂಕಿ ನಿಜವೇ ಎಂದು ಪರೀಕ್ಷಿಸಲು ಅಲ್ಲಿ ತೊಟ್ಟಿಗಳೇ ವಿರಳ.

ಜಲಾಶಯದ ವಿಷಯದಲ್ಲಿ ಉಪಗ್ರಹ ಹೆಚ್ಚು ನೇರವಾಗಿ ನೆರವಾಯಿತು. ಬೇಸಿಗೆಗೆ ನೀರು ಇಳಿಯುತ್ತ ಹೋದಂತೆ ಬೇರೆ ಬೇರೆ ಮಟ್ಟಗಳಲ್ಲಿ ನೀರು ಹರಡಿದ ವಿಸ್ತೀರ್ಣವನ್ನು ಚಿತ್ರದಲ್ಲಿ ಅಳೆಯುತ್ತಾರೆ. ಆ ದಿನದ ಮಟ್ಟ ಅಣೆಕಟ್ಟೆಯ ದಾಖಲೆಯಲ್ಲಿರುತ್ತದೆ. ಎರಡು ಮಟ್ಟಗಳ ನಡುವಿನ ಎತ್ತರ, ಎರಡು ವಿಸ್ತೀರ್ಣ ಗೊತ್ತಾದರೆ ನಡುವಿನ ಘನಗಾತ್ರ ಸಿಕ್ಕಂತೆ. ಕಟ್ಟಿದಾಗಿನ ಕೋಷ್ಟಕದಿಂದ ಇದನ್ನು ಕಳೆದರೆ ಉಳಿಯುವುದು ಹೂಳು. ಆದರೆ ನೀರು ಎಂದೂ ಬತ್ತದ ತಳಭಾಗ ಈ ವಿಧಾನಕ್ಕೆ ಕಾಣದು. ಅಲ್ಲಿಗೆ ದೋಣಿ, ಸೋನಾರ್ ಬೇಕೇ ಬೇಕು.

ಕಣ್ಣಿಗೆ ಕಾಣದ ನೀರೂ ಉಪಗ್ರಹಕ್ಕೆ ಸಿಕ್ಕಿತು. 2002ರಲ್ಲಿ ಹಾರಿದ ‘ಗ್ರೇಸ್’ ಅವಳಿ ಉಪಗ್ರಹಗಳು ಸುಮಾರು 220 ಕಿ.ಮೀ. ಅಂತರದಲ್ಲಿ ಒಂದರ ಹಿಂದೊಂದು ಸಾಗುತ್ತ, ಗುರುತ್ವ ಬದಲಾದಂತೆ ಆ ಅಂತರ ಹಿಗ್ಗಿ ಕುಗ್ಗುವುದನ್ನು ಅಳೆದವು. ಪಂಜಾಬ್, ಹರಿಯಾಣ, ರಾಜಸ್ಥಾನಗಳಲ್ಲಿ 2002ರಿಂದ 2008ರ ನಡುವೆ 109 ಘನ ಕಿ.ಮೀ. ಅಂತರ್ಜಲ ಖಾಲಿಯಾಯಿತೆಂದು 2009ರಲ್ಲಿ ಗೊತ್ತಾದದ್ದು ಹೀಗೆ.

ಕಲಿಯುವ ಯಂತ್ರ

ಮಳೆ-ಹರಿವಿನ ಸಂಬಂಧವನ್ನು ಕೃತಕ ನರಜಾಲಕ್ಕೆ ಕಲಿಸುವ ಪ್ರಯತ್ನ 1990ರ ದಶಕದಲ್ಲೇ ಶುರುವಾಗಿತ್ತು. ಶೂ, ಗುಪ್ತಾ ಮತ್ತು ಸೊರೂಶಿಯನ್ ಅವರ 1995ರ ಪ್ರಬಂಧ ಅದರ ಮೈಲಿಗಲ್ಲು. ಒಳಗೆ ಏನು ನಡೆಯುತ್ತದೆಂದೇ ತಿಳಿಯದ ಪೆಟ್ಟಿಗೆಯನ್ನು ನಂಬುವುದು ಹೇಗೆ ಎಂದು ಹಳಬರು ಮೂಗು ಮುರಿದರು.

ತಿರುವು ಬಂದದ್ದು 2018ರಲ್ಲಿ. ಕ್ರಾಟ್ಸರ್ಟ್ ಮತ್ತು ಸಂಗಡಿಗರು ಎಲ್‌ಎಸ್‌ಟಿಎಂ ಎಂಬ ನೆನಪಿಟ್ಟುಕೊಳ್ಳುವ ಜಾಲವನ್ನು ನದಿಗಳಿಗೆ ಹಚ್ಚಿದರು. ನೆನಪು ಏಕೆ ಬೇಕೆಂಬುದು ನಮ್ಮ ರೈತರಿಗೆ ಹೊಸದಲ್ಲ. ಜೂನ್ ಮೊದಲ ವಾರದ ಹದಮಳೆಯನ್ನು ಒಣನೆಲ ಕುಡಿದುಬಿಡುತ್ತದೆ. ಅಷ್ಟೇ ಮಳೆ ಆಗಸ್ಟಿನಲ್ಲಿ ಬಿದ್ದರೆ ಹಳ್ಳ ಉಕ್ಕುತ್ತದೆ. ಇಂದಿನ ಹರಿವು ಇಂದಿನ ಮಳೆಯ ಜೊತೆಗೆ ಕಳೆದ ವಾರಗಳ ಮಳೆಯ ಫಲವೂ ಹೌದು. ಅದನ್ನು ಯಾರೂ ಹೇಳಿಕೊಡದೆ ದಾಖಲೆಯಿಂದಲೇ ಜಾಲ ಕಲಿಯಿತು. ಮರುವರ್ಷ ಅದೇ ತಂಡ ಅಮೆರಿಕದ 531 ಜಲಾನಯನಗಳ ಮೇಲೆ ಇನ್ನೂ ಕಠಿಣ ಪರೀಕ್ಷೆ ಒಡ್ಡಿತು: ಕಲಿಸುವಾಗ ತೋರಿಸದೇ ಇದ್ದ ನದಿಗಳ ಹರಿವನ್ನು ಹೇಳಬೇಕು. ಆಯಾ ನದಿಗೆಂದೇ ಹೊಂದಿಸಿದ ಹಳೆಯ ಮಾದರಿಗಿಂತಲೂ ಜಾಲದ ಅಂದಾಜು ಒಟ್ಟಾರೆ ಮೇಲಾಗಿತ್ತು. 2018ರಲ್ಲಿ ಪಟ್ನಾದಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಗೂಗಲ್‌ನ ಪ್ರವಾಹ ಮುನ್ಸೂಚನೆ ಮುಂದೆ ಇದೇ ಹಾದಿ ಹಿಡಿಯಿತು.

ಮಣ್ಣೇಕೆ ಹಿಂದುಳಿಯಿತು?

ನೀರಿಗೆ ದಶಕಗಳ ದಿನನಿತ್ಯದ ದಾಖಲೆ ಇತ್ತು, ಮಣ್ಣಿಗೆ ಇರಲಿಲ್ಲ. ನದಿಯ ಮಟ್ಟವನ್ನು ಅಳತೆಪಟ್ಟಿ ನೋಡಿ ಬರೆದಿಡಬಹುದು. ಹೂಳನ್ನು ಬಾಟಲಿಯಲ್ಲಿ ತುಂಬಿ, ಸೋಸಿ, ತೂಗಬೇಕು. ಅದೂ ವರ್ಷದ ಬಹುಪಾಲು ಮಣ್ಣು ಹೋಗುವುದು ನಾಲ್ಕಾರು ಜೋರುಮಳೆಗಳಲ್ಲಿ. ಅಂಥ ದಿನ ಹೊಳೆಗಿಳಿದು ನೀರು ಮೊಗೆಯುವವರು ಯಾರು? ಮೇಲೆ ಮೋಡ ಕವಿದಿರುವುದರಿಂದ ಚಿತ್ರ ತೆಗೆಯುವ ಉಪಗ್ರಹವೂ ಆಗ ಕುರುಡು.

ಹಾಗಾಗಿ ಸವಕಳಿಯಲ್ಲಿ ಯಂತ್ರಕಲಿಕೆ ಸುಲಭದ ದಾರಿ ಹಿಡಿಯಿತು. ಕೊರಕಲು ಬಿದ್ದ ಜಾಗಗಳನ್ನು ಗುರುತಿಸಿ, ಮುಂದೆ ಎಲ್ಲಿ ಬೀಳಬಹುದೆಂದು ಹೇಳುವ ನಕ್ಷೆಗಳು ಹೇರಳವಾಗಿ ಬಂದವು. ಶೇ 90ಕ್ಕೂ ಮೀರಿದ ನಿಖರತೆಯನ್ನು ಇವು ಹೇಳಿಕೊಳ್ಳುವುದುಂಟು. ಕಲಿಸಿದ ಚುಕ್ಕೆಯ ಪಕ್ಕದ ಚುಕ್ಕೆಯನ್ನೇ ಪರೀಕ್ಷೆಗೆ ಇಟ್ಟರೆ ಅಂಕ ಬರದೇ ಇರುತ್ತದೆಯೇ? ಇನ್ನೊಂದು ಕಣಿವೆಗೆ ಒಯ್ದು ಪರೀಕ್ಷಿಸಿದಾಗ ಅಂಕ ಇಳಿಯುತ್ತದೆ. ಇನ್ನು ಕೆಲವರು ಹಳೆಯ ಸಮೀಕರಣ ಕೊಟ್ಟ ಅಂದಾಜನ್ನೇ ಸತ್ಯವೆಂದಿಟ್ಟು ಯಂತ್ರಕ್ಕೆ ಕಲಿಸುತ್ತಾರೆ. ಆಗ ಯಂತ್ರ ಕಲಿಯುವುದು ಸೂತ್ರವನ್ನು, ಮಣ್ಣಿನ ಸ್ವಭಾವವನ್ನಲ್ಲ.

ಹೊಸ ಕಣ್ಣುಗಳು ಬಂದಿವೆ. 2022ರ ಡಿಸೆಂಬರಿನಲ್ಲಿ ಹಾರಿದ ‘ಸ್ವಾಟ್’ ನದಿ, ಕೆರೆಗಳ ನೀರಿನ ಎತ್ತರವನ್ನೇ ಅಳೆಯುತ್ತದೆ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ಇಸ್ರೊ-ನಾಸಾ ಜಂಟಿ ಉಪಗ್ರಹ ‘ನಿಸಾರ್’ನ ರೇಡಾರ್ ಮೋಡದ ಮೂಲಕವೂ ನೋಡಬಲ್ಲದು. ದಕ್ಷಿಣದ ನದಿಗಳ ಇನ್ನೂರಕ್ಕೂ ಹೆಚ್ಚು ಜಲಾನಯನಗಳ ಹರಿವಿನ ಮಾಹಿತಿ ಈಗ ಸಂಶೋಧಕರಿಗೆ ಮುಕ್ತವಾಗಿದೆ. ಕರ್ನಾಟಕದಲ್ಲಂತೂ ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ಮಳೆಮಾಪಕಗಳಿವೆ. ಕೊರತೆ ಇರುವುದು ಮಣ್ಣಿನ ತೂಕದ ದಾಖಲೆಗೆ.

ಅದನ್ನು ತುಂಬುವ ಒಂದು ದಾರಿ ನಮ್ಮ ಕೆರೆಗಳಲ್ಲೇ ಇದೆ. ಉದ್ಯೋಗ ಖಾತರಿಯಲ್ಲಾಗಲಿ ಬೇರೆ ಯೋಜನೆಯಲ್ಲಾಗಲಿ ಹೂಳೆತ್ತಿದಾಗ ತೆಗೆದ ಮಣ್ಣಿನ ಘನಮೀಟರ್ ಲೆಕ್ಕ ಅಳತೆ ಪುಸ್ತಕಕ್ಕೆ ಏರುತ್ತದೆ, ಬಿಲ್ ಪಾಸಾದ ಮೇಲೆ ಕಪಾಟು ಸೇರುತ್ತದೆ. ಹಿಂದಿನ ಸಲ ಯಾವಾಗ ಹೂಳೆತ್ತಿದರು, ಈ ಸಲ ತಳದವರೆಗೆ ತೆಗೆದರೇ, ಕೋಡಿಯ ಮೇಲೆ ಎಷ್ಟು ಹರಿದುಹೋಗಿರಬಹುದು ಎಂಬುದನ್ನೂ ಜೊತೆಗೆ ಬರೆದರೆ, ಒಂದೊಂದು ಕೆರೆಯೂ ತನ್ನ ಮೇಲ್ಭಾಗದ ಜಲಾನಯನದ ಜಮೀನಿನ ವರ್ಷಗಳ ಸವಕಳಿಗೆ ಸಾಕ್ಷಿಯಾಗುತ್ತದೆ. ಆ ಜಮೀನಿನಲ್ಲಿ ಬೆಳೆ, ಬದು ಹೇಗಿತ್ತೆಂದು ಉಪಗ್ರಹದ ಹಳೆಯ ಚಿತ್ರಗಳು ಹೇಳುತ್ತವೆ. ಲೆಕ್ಕ ಒರಟಾಗಿಯೇ ಇರಬಹುದು. ಆದರೆ ಅದು ಅಳೆದ ಲೆಕ್ಕ. ಸಣ್ಣ ನೀರಾವರಿ ಇಲಾಖೆಯೋ ಪಂಚಾಯ್ತಿಗಳೋ ಆ ಪುಟಗಳನ್ನು ಸಂಶೋಧಕರಿಗೆ ತೆರೆದಿಟ್ಟರೆ, 1983ರ ಅಂದಾಜನ್ನು ಪರೀಕ್ಷೆಗೆ ಒಡ್ಡುವ ಕೆಲಸ ಕರ್ನಾಟಕದಿಂದಲೇ ಶುರುವಾಗಬಹುದು.